‘ನ್ಯೂಸ್’ ನಾಲ್ಕು ದಿಕ್ಕಿನಿಂದ ಬಂದಿಲ್ಲ: ಸಾಮಾನ್ಯ ಜ್ಞಾನದ ಪುಸ್ತಕ ಮಾಡುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶಾಲೆ ಮಕ್ಕಳಿಗೆ ಮತ್ತು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಕನ್ನಡದಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಬರೆಯುವವರು, ಅಚ್ಚು ಹಾಕಿಸುವ ಪ್ರಕಾಶಕರು, ಕ್ವಿಜ್ ನಡೆಸುವ ಮೇಷ್ಟ್ರುಗಳು ಮತ್ತು ಮೇಡಂಗಳು

ಮಾನ್ಯರೇ,

ನಾನು ಬೆಂಗಳೂರಿನಲ್ಲಿ ಪ್ರೂಫ್ ನೋಡುವ ಕೆಲಸ ಮಾಡುತ್ತೇನೆ. ಕಾದಂಬರಿ, ಸಂಘದ ವರದಿ, ಮದುವೆ ಆಮಂತ್ರಣ, ಶಾಲೆ ಡೈರಿ, ಏನು ಬಂದರೂ ನೋಡುತ್ತೇನೆ. ಶಾಲೆ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ಜಾಸ್ತಿ ಬರುವುದು ನಿಮ್ಮ ಪುಸ್ತಕಗಳೇ. ನದಿ, ಬೆಟ್ಟ, ರಾಜ್ಯಪಾಲರು, ಜ್ಞಾನಪೀಠ ಪಡೆದವರು, ಹೀಗೆ ಪುಟ ಪುಟ. ಅದರಲ್ಲಿ ಒಂದು ಪುಟ ಮಾತ್ರ ಪ್ರಕಾಶಕರು ಯಾರೇ ಆಗಲಿ ಒಂದೇ ಥರ ಇರುತ್ತದೆ. ಮೇಲೆ ‘ನಿಮಗಿದು ಗೊತ್ತೇ?’ ಅಥವಾ ‘ಪದಗಳ ಫುಲ್ ಫಾರ್ಮ್’ ಎಂಬ ತಲೆಬರಹ. ಅದರ ಕೆಳಗೆ ಮೊದಲ ಸಾಲು: ನ್ಯೂಸ್ ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್. ನಾಲ್ಕೂ ದಿಕ್ಕಿನಿಂದ ಬರುವ ಸಮಾಚಾರವೇ ನ್ಯೂಸ್.

ಇದು ತಪ್ಪು. ಸಣ್ಣಪುಟ್ಟ ತಪ್ಪಲ್ಲ, ಬುಡದಿಂದಲೇ ತಪ್ಪು. ಇದನ್ನು ನಿಮ್ಮ ಮುಂದೆ ಬಹಿರಂಗವಾಗಿ ಹೇಳಬೇಕಾಗಿ ಬಂದದ್ದು ಯಾಕೆ ಎಂದರೆ, ಖಾಸಗಿಯಾಗಿ ಹೇಳಿ ನೋಡಿಯಾಗಿದೆ. ಒಂದು ಪುಸ್ತಕದ ಕರಡಿನಲ್ಲಿ ಈ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದ ಖಾಲಿ ಜಾಗದಲ್ಲಿ ‘ಈ ಮಾಹಿತಿ ಸರಿಯಿಲ್ಲ, ನಿಘಂಟು ನೋಡಿ’ ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಎರಡನೇ ಪ್ರೂಫ್ ಬಂದಾಗ ಸಾಲು ಅಲ್ಲೇ ಇತ್ತು. ನನ್ನ ಬರಹದ ಕೆಳಗೆ ನೀಲಿ ಶಾಯಿಯಲ್ಲಿ ಉತ್ತರ: ‘ಇರಲಿ ಬಿಡಿ. ಎಲ್ಲ ಪುಸ್ತಕದಲ್ಲೂ ಹೀಗೇ ಇದೆ. ಕಾಗುಣಿತ ಮಾತ್ರ ನೋಡಿ.’ ಕಾಗುಣಿತ ನೋಡಿದೆ. ಕಾಗುಣಿತ ಸರಿಯಾಗಿಯೇ ಇತ್ತು.

‘ಎಲ್ಲ ಪುಸ್ತಕದಲ್ಲೂ ಹೀಗೇ ಇದೆ’ ಎಂಬ ಆ ಮಾತು ನಿಜ. ತೊಂದರೆಯೂ ಅಲ್ಲೇ ಇದೆ. ಹೋದ ವರ್ಷದ ಪುಸ್ತಕ ನೋಡಿ ಈ ವರ್ಷದ್ದು ಮಾಡುತ್ತೀರಿ. ನಿಮ್ಮದನ್ನು ನೋಡಿ ಇನ್ನೊಬ್ಬರು ಮಾಡುತ್ತಾರೆ. ಕಡೆಗೆ ಹತ್ತು ಪುಸ್ತಕದಲ್ಲಿ ಇದೆ ಎಂಬುದೇ ಸಾಕ್ಷಿ ಆಗಿಬಿಡುತ್ತದೆ.

ಹಾಗಾದರೆ ಸರಿ ಯಾವುದು? ಇಂಗ್ಲಿಷಿನಲ್ಲಿ ‘ನ್ಯೂ’ ಎಂದರೆ ಹೊಸದು. ಅದಕ್ಕೆ ಬಹುವಚನದ ‘ಎಸ್’ ಹಚ್ಚಿದರೆ ‘ನ್ಯೂಸ್’, ಅಂದರೆ ಹೊಸ ಸಂಗತಿಗಳು. ಅಷ್ಟೇ. 14ನೇ ಶತಮಾನದ ಕೊನೆಯ ಹೊತ್ತಿಗೆ ಈ ಪದ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸುತ್ತದೆ. ಫ್ರೆಂಚರು ಆಗಲೇ ತಮ್ಮ ‘ಹೊಸ’ ಪದವನ್ನು ಬಹುವಚನ ಮಾಡಿ ಸಮಾಚಾರ ಎಂಬ ಅರ್ಥದಲ್ಲಿ ಬಳಸುತ್ತಿದ್ದರು. ಇಂದಿಗೂ ಅವರು ಸುದ್ದಿಗೆ ‘ನೂವೆಲ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ‘ನೋವಾ’ ಇತ್ತು. ಅದೇ ಅಚ್ಚಿನಲ್ಲಿ ಇಂಗ್ಲಿಷ್ ಪದವೂ ಬಂತು. ಫ್ರೆಂಚ್ ಪದದಲ್ಲಿ ಯಾವ ದಿಕ್ಕೂ ಇಲ್ಲ, ಲ್ಯಾಟಿನ್ ಪದದಲ್ಲೂ ಇಲ್ಲ.

ಇನ್ನೊಂದು ಸಂಗತಿ. ಆ ಕಾಲದಲ್ಲಿ ಇಂಗ್ಲಿಷಿಗೆ ಗಟ್ಟಿಯಾದ ಕಾಗುಣಿತ ಇರಲಿಲ್ಲ. ಈ ಪದವನ್ನು ಬೇರೆ ಬೇರೆ ಥರ ಬರೆಯುತ್ತಿದ್ದರು. ಬಹಳ ಕಡೆ ‘ಡಬ್ಲ್ಯು’ ಆದ ಮೇಲೆ, ‘ಎಸ್’ಗೆ ಮುಂಚೆ, ಇನ್ನೊಂದು ‘ಇ’ ಇರುತ್ತಿತ್ತು. ಒಟ್ಟು ಐದು ಅಕ್ಷರ. ಆ ಐದನೆಯದು ಯಾವ ದಿಕ್ಕು ಸ್ವಾಮಿ? ಸೂರ್ಯ ಎರಡು ಸಲ ಹುಟ್ಟುತ್ತಿದ್ದನೇ?

ದಿಕ್ಕುಗಳ ಕ್ರಮವನ್ನಾದರೂ ಒಮ್ಮೆ ನೋಡಿ. ನಾವು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅನ್ನುತ್ತೇವೆ. ಹಳಬರು ಮೂಡಣ, ಪಡುವಣ, ಬಡಗಣ, ತೆಂಕಣ ಎನ್ನುತ್ತಿದ್ದರು. ಇಂಗ್ಲಿಷ್ ಮಾತಾಡುವವರು ನಾರ್ತ್, ಸೌತ್, ಈಸ್ಟ್, ವೆಸ್ಟ್ ಎನ್ನುತ್ತಾರೆ. ಗಡಿಯಾರದ ಮುಳ್ಳು ತಿರುಗುವ ಹಾಗೆ ಹೇಳಿದರೆ ನಾರ್ತ್, ಈಸ್ಟ್, ಸೌತ್, ವೆಸ್ಟ್. ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂದು ಯಾರೂ ಎಣಿಸುವುದಿಲ್ಲ. ಪದ ಮೊದಲೇ ಇತ್ತು, ದಿಕ್ಕುಗಳನ್ನು ಆಮೇಲೆ ಅದರೊಳಗೆ ತುರುಕಿದ್ದಾರೆ ಅನ್ನುವುದು ಇಷ್ಟರಿಂದಲೇ ಗೊತ್ತಾಗುತ್ತದೆ.

ತುರುಕಿದ್ದು ಇವತ್ತು ನಿನ್ನೆಯಲ್ಲ ಎಂಬುದು ಮಜವಾದ ಸಂಗತಿ. 1640ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಚಾಟು ಪದ್ಯಗಳ ಸಂಕಲನದಲ್ಲಿ ಈ ಚಮತ್ಕಾರ ಇದೆ. ಸುದ್ದಿ ಕಾಗದದಲ್ಲೋ ಬಾಯಿಮಾತಿನಲ್ಲೋ ಬರುತ್ತದೆ, ನಾಲ್ಕೂ ದಿಕ್ಕಿನಿಂದ ಬರುತ್ತದೆ, ಪದದ ಅಕ್ಷರ ಬಿಡಿಸಿ ನೋಡಿ ಎಂಬರ್ಥದ ನಾಲ್ಕು ಸಾಲು. ಬರೆದವನಿಗೆ ಅದು ತಮಾಷೆ ಎಂದು ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು. ಸುಮಾರು ನಾನೂರು ವರ್ಷ ಆದ ಮೇಲೆ ಅದು ನಮ್ಮಲ್ಲಿ ಎರಡು ಅಂಕದ ಪ್ರಶ್ನೆ ಆಗಿದೆ.

ಜುಲೈ 1ರಂದು ನಮ್ಮಲ್ಲಿ ಪತ್ರಿಕಾ ದಿನಾಚರಣೆ. 1843ರಲ್ಲಿ ಅದೇ ದಿನ ಹೆರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಶುರು ಮಾಡಿದರು. ಆ ದಿನದ ಸಭೆಗಳಿಗೆ ಹೋಗಿ ನೋಡಿ. ಮೊಗ್ಲಿಂಗ್ ಹೆಸರು ಬರುವುದಕ್ಕೆ ಮುಂಚೆಯೇ ಮುಖ್ಯ ಅತಿಥಿಗಳ ಬಾಯಲ್ಲಿ ಈ ನಾಲ್ಕು ದಿಕ್ಕು ಬಂದಿರುತ್ತದೆ. ವೇದಿಕೆ ಮೇಲೆ ಕೂತ ಪತ್ರಕರ್ತರೂ ತಲೆಯಾಡಿಸುತ್ತಾರೆ. ಅತಿಥಿಗಳನ್ನು ದೂರುವುದಕ್ಕಿಲ್ಲ. ಚಿಕ್ಕಂದಿನಲ್ಲಿ ನಿಮ್ಮ ಪುಸ್ತಕ ಓದಿ ಬೆಳೆದವರು ಅವರು.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ನನ್ನ ತಂಗಿಯ ಮಗಳು ಆರನೇ ಕ್ಲಾಸು. ಅವಳ ಶಾಲೆಯ ಜಿಕೆ ಟೆಸ್ಟಿನಲ್ಲಿ ‘ನ್ಯೂಸ್ ಪದ ಹೇಗೆ ಬಂತು?’ ಎಂಬ ಪ್ರಶ್ನೆ ಇತ್ತು. ‘ನ್ಯೂ ಎಂಬ ಪದದಿಂದ. ಹೊಸ ವಿಷಯ ಇರುವುದರಿಂದ’ ಎಂದು ಬರೆದಳು. ಅದರ ಮೇಲೆ ಒಂದು ಕೆಂಪು ಇಂಟು, ಪಕ್ಕದಲ್ಲಿ ಸೊನ್ನೆ. ಅವಳು ಹೋಗಿ ಕೇಳಿದ್ದಾಳೆ. ಮೇಡಂ ಬೈಯಲಿಲ್ಲ, ಪಾಪ. ಪುಸ್ತಕ ತೆಗೆದು ಪುಟ ತೋರಿಸಿ ‘ಇಲ್ಲಿ ಹೀಗಿದೆಯಲ್ಲಮ್ಮ’ ಅಂದರಂತೆ. ಮೇಡಂ ಆದರೂ ಏನು ಮಾಡಿಯಾರು? ಉತ್ತರ ಕೊಟ್ಟವರು ನೀವು. ಆ ಮಗು ಈಗ ಸರಿ ಉತ್ತರವನ್ನು ಅಳಿಸಿ ತಪ್ಪು ಉತ್ತರ ಬಾಯಿಪಾಠ ಮಾಡಿದೆ, ಯಾಕೆಂದರೆ ಮುಂದಿನ ಟೆಸ್ಟಿನಲ್ಲೂ ಅದೇ ಬರುತ್ತದೆ.

‘ನೆನಪಿಟ್ಟುಕೊಳ್ಳೋಕೆ ಸುಲಭ ಅಲ್ವಾ, ಇದರಲ್ಲಿ ಏನು ಹೋಯ್ತು?’ ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು. ನೆನಪಿಗೆ ಸೂತ್ರ ಮಾಡಿಕೊಳ್ಳುವುದು ತಪ್ಪಲ್ಲ. ಕಾಮನಬಿಲ್ಲಿನ ಬಣ್ಣಕ್ಕೆ ‘ವಿಬ್‌ಗಯಾರ್’ ಕಲಿಸುತ್ತೇವೆ. ಆದರೆ ಕಾಮನಬಿಲ್ಲು ಹುಟ್ಟಿದ್ದೇ ವಿಬ್‌ಗಯಾರ್‌ನಿಂದ ಎಂದು ಯಾರೂ ಹೇಳುವುದಿಲ್ಲ. ನೀವು ಹೇಳುತ್ತಿರುವುದು ಹುಟ್ಟನ್ನು. ಏನು ಹೋಯಿತು ಎಂದರೆ, ಅದೇ ಪುಸ್ತಕದ ಇಂಗ್ಲಿಷ್ ವ್ಯಾಕರಣದ ಭಾಗ ತೆಗೆಯಿರಿ. ‘ದ ನ್ಯೂಸ್’ ಆದ ಮೇಲೆ ‘ಈಸ್’ ಬರಬೇಕೋ ‘ಆರ್’ ಬರಬೇಕೋ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಉತ್ತರ ‘ಈಸ್’. ಯಾಕೆ ಎಂದು ನೀವು ಹೇಳುವುದಿಲ್ಲ, ಹೇಳುವುದಕ್ಕೆ ಆಗುವುದೂ ಇಲ್ಲ, ಏಕೆಂದರೆ ಆ ‘ಎಸ್’ ಸೌತ್ ಎಂದು ಹಿಂದಿನ ಪುಟದಲ್ಲಿ ಹೇಳಿಬಿಟ್ಟಿದ್ದೀರಿ! ಅದು ಬಹುವಚನದ ಎಸ್. ಒಂದು ಕಾಲದಲ್ಲಿ ಇಂಗ್ಲಿಷಿನವರೂ ‘ಈ ನ್ಯೂಸ್‌ಗಳು’ ಎಂಬಂತೆ ಬಹುವಚನದಲ್ಲೇ ಬಳಸುತ್ತಿದ್ದರು. ಶೇಕ್ಸ್‌ಪಿಯರನ ನಾಟಕಗಳಲ್ಲಿ ಎರಡೂ ಥರ ಸಿಗುತ್ತದೆ. ಆಮೇಲೆ ನಿಧಾನವಾಗಿ ಏಕವಚನ ಗಟ್ಟಿಯಾಯಿತು, ಎಸ್ ಮಾತ್ರ ಹಾಗೇ ಉಳಿಯಿತು. ಇಷ್ಟು ಗೊತ್ತಾದರೆ ಮಗುವಿಗೆ ಆ ವ್ಯಾಕರಣದ ಪ್ರಶ್ನೆ ಜನ್ಮದಲ್ಲಿ ಮರೆಯುವುದಿಲ್ಲ.

ಹೋದದ್ದು ಇನ್ನೂ ಇದೆ. ‘ನ್ಯೂ’ ಎಂಬುದು ನಮಗೆ ದೂರದ ಪದವಲ್ಲ. ಸಂಸ್ಕೃತದ ‘ನವ’, ಲ್ಯಾಟಿನ್ನಿನ ‘ನೋವುಸ್’, ಗ್ರೀಕಿನ ‘ನೆಯೋಸ್’, ಪಾರ್ಸಿಗಳ ಹೊಸ ವರ್ಷ ‘ನವರೋಜ್’ನ ‘ನವ’, ಇಂಗ್ಲಿಷಿನ ‘ನ್ಯೂ’, ಇವೆಲ್ಲ ಒಂದೇ ಬೇರಿನವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ ಎಂಬ ವಿದ್ವಾಂಸ ಕಲ್ಕತ್ತದಲ್ಲಿ ಭಾಷಣ ಮಾಡಿದ್ದು 1786ರಲ್ಲಿ. ನವೋದಯ ಶಾಲೆಯ ಹೆಸರಲ್ಲಿರುವ ‘ನವ’ವೂ ಟಿವಿಯ ನ್ಯೂಸ್‌ನಲ್ಲಿರುವ ‘ನ್ಯೂ’ವೂ ದಾಯಾದಿಗಳು ಎಂದು ಒಂದು ಸಾಲು ಬರೆದು ನೋಡಿ, ಮಕ್ಕಳ ಕಣ್ಣು ಹೇಗೆ ಅರಳುತ್ತದೆ ಅಂತ. ನಮ್ಮ ಕನ್ನಡದ ‘ಹೊಸ’ ಮಾತ್ರ ಆ ಮನೆತನದ್ದಲ್ಲ. ಅದು ಹಳಗನ್ನಡದಲ್ಲಿ ‘ಪೊಸ’, ತುಳುವಿನಲ್ಲಿ ಇಂದಿಗೂ ‘ಪೊಸ’, ತಮಿಳಿನಲ್ಲಿ ‘ಪುದು’. ಪುದುಚೇರಿ ಎಂದರೆ ಹೊಸ ಊರು. ಒಂದು ಸಣ್ಣ ಪದ ಹಿಡಿದು ಇಷ್ಟು ದೂರ ಹೋಗಬಹುದು. ನಿಮ್ಮ ನಾಲ್ಕು ದಿಕ್ಕು ಎಲ್ಲಿಗೂ ಹೋಗುವುದಿಲ್ಲ.

ಆ ಪುಟದ ಮಿಕ್ಕ ಸಾಲುಗಳ ಕತೆಯೂ ಇದೇ. ಎಲ್ಲವನ್ನೂ ಎತ್ತಿಕೊಂಡರೆ ಪತ್ರ ಮುಗಿಯುವುದಿಲ್ಲ. ಆದರೆ ಒಂದನ್ನು ಬಿಡುವುದಕ್ಕೆ ನನ್ನಿಂದ ಆಗುವುದಿಲ್ಲ. ‘ಇಂಡಿಯಾ’ ಎಂದರೆ ‘ಇಂಡಿಪೆಂಡೆಂಟ್ ನೇಷನ್ ಡಿಕ್ಲೇರ್ಡ್ ಇನ್ ಆಗಸ್ಟ್’ ಎಂದು ಅಚ್ಚು ಹಾಕಿದ್ದೀರಿ. ಅದೇ ಪುಸ್ತಕದ ಇತಿಹಾಸದ ಭಾಗದಲ್ಲಿ ಈಸ್ಟ್ ಇಂಡಿಯಾ ಕಂಪನಿ 1600ರಲ್ಲಿ ಹುಟ್ಟಿತು ಎಂದೂ ಬರೆದಿದ್ದೀರಿ. 1947ರ ಆಗಸ್ಟಿನಲ್ಲಿ ಹುಟ್ಟಿದ ಪದ 1600ರ ಕಂಪನಿಯ ಹೆಸರಿಗೆ ಹೇಗೆ ಬಂತು? ಸಿಂಧೂ ನದಿಯ ಹೆಸರು ಪಾರಸೀಕರ ಬಾಯಲ್ಲಿ ‘ಹಿಂದು’ ಆಯಿತು, ಗ್ರೀಕರ ಬಾಯಲ್ಲಿ ‘ಹ’ಕಾರ ಬಿದ್ದು ‘ಇಂದೋಸ್’ ಆಯಿತು, ಅಲ್ಲಿಂದ ಇಂಡಿಯಾ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈ ನಾಡಿನ ಬಗ್ಗೆ ಬರೆಯುವಾಗ ಆ ಹೆಸರನ್ನೇ ಬಳಸಿದ್ದಾನೆ. ದೇಶದ ಹೆಸರಿನ ವಿಷಯದಲ್ಲಾದರೂ ಸ್ವಲ್ಪ ಎಚ್ಚರ ಬೇಡವೇ?

‘ಚೆಸ್’ಗೆ ನೀವು ಕೊಟ್ಟಿರುವುದು ಚಾರಿಯಟ್, ಹಾರ್ಸ್, ಎಲಿಫೆಂಟ್, ಸೋಲ್ಜರ್ಸ್. ಇಂಗ್ಲಿಷಿನಲ್ಲಿ ಆ ಪದಕ್ಕೆ ಐದು ಅಕ್ಷರ, ನೀವು ಕೊಟ್ಟದ್ದು ನಾಲ್ಕು ಪದ. ಒಂದು ಎಸ್ ಅನಾಥ. ಪಾಪ, ರಥ, ಕುದುರೆ, ಆನೆ, ಕಾಲಾಳು ಎಂಬ ಚತುರಂಗದ ನಾಲ್ಕು ಅಂಗ ನಮ್ಮದೇ, ಆಟವೂ ಇಲ್ಲಿಂದಲೇ ಹೋದದ್ದು. ಆದರೆ ಚೆಸ್ ಎಂಬ ಪದ ಪಾರಸಿಯ ‘ಶಾಹ್’ನಿಂದ, ಅಂದರೆ ರಾಜನಿಂದ ಬಂದದ್ದು. ಅರಬ್ಬರ ಮೂಲಕ ಯುರೋಪಿಗೆ ಹೋಗಿ, ಫ್ರೆಂಚಿನಲ್ಲಿ ರೂಪ ಬದಲಿಸಿ ಇಂಗ್ಲಿಷಿಗೆ ಬಂತು. ರಾಜನಿಗೆ ಅಪಾಯ ಬಂದಾಗ ಹೇಳುವ ‘ಚೆಕ್’ ಕೂಡ ಅದೇ ಶಾಹ್. ಆ ಆಟದ ಮಣೆಯ ಚೌಕಗಳಿಂದ ನಮ್ಮ ಚೆಕ್ಸ್ ಶರ್ಟ್ ಬಂತು. ತಡೆದು ನೋಡು ಎಂಬ ಅರ್ಥ ಬೆಳೆದು ಚೆಕ್‌ಪೋಸ್ಟ್ ಬಂತು, ಬ್ಯಾಂಕಿನ ಚೆಕ್ಕೂ ಬಂತು. ಬಾದಶಹ ಎನ್ನುವಾಗ ನಾವು ಆಡುವುದೂ ಅದೇ ಶಾಹ್. ಇದಕ್ಕಿಂತ ಚೆನ್ನಾದ ಕತೆ ಬೇಕೇ?

ಪೆನ್ ಎಂದರೆ ‘ಪವರ್ ಎನ್‌ರಿಚ್ಡ್ ಇನ್ ನಿಬ್’ ಅಲ್ಲ. ಲ್ಯಾಟಿನ್ನಿನಲ್ಲಿ ‘ಪೆನ್ನಾ’ ಎಂದರೆ ಹಕ್ಕಿಯ ಗರಿ. ಗರಿಯನ್ನು ಕೊಯ್ದು ಶಾಯಿಗೆ ಅದ್ದಿ ಬರೆಯುತ್ತಿದ್ದರು. ಟೀ ಎಂದರೆ ‘ಟೇಸ್ಟ್ ಅಂಡ್ ಎನರ್ಜಿ ಅಡ್ಮಿಟೆಡ್’ ಅಲ್ಲ. ಚೀನಾದ ಒಂದೇ ಅಕ್ಷರವನ್ನು ಫುಜಿಯಾನ್ ಕರಾವಳಿಯವರು ‘ತೇ’ ಎನ್ನುತ್ತಾರೆ, ಚೀನಾದ ಬೇರೆ ಬಹಳ ಕಡೆ ‘ಚಾ’ ಎನ್ನುತ್ತಾರೆ. ಡಚ್ಚರ ಹಡಗಿನಲ್ಲಿ ‘ತೇ’ ಹೋಗಿ ಇಂಗ್ಲಿಷಿನಲ್ಲಿ ಟೀ ಆಯಿತು. ‘ಚಾ’ ನಮ್ಮ ಕಡೆ ಚಹಾ ಆಯಿತು. ಮೈಸೂರಿನವರು ಟೀ ಕುಡಿಯುತ್ತಾರೆ, ಹುಬ್ಬಳ್ಳಿಯವರು ಚಹಾ ಕುಡಿಯುತ್ತಾರೆ. ಕಪ್ಪಿನಲ್ಲಿರುವುದೂ ಒಂದೇ, ಚೀನೀ ಅಕ್ಷರವೂ ಒಂದೇ. ‘ಎಸ್‌ಓಎಸ್’ಗೆ ‘ಸೇವ್ ಅವರ್ ಸೋಲ್ಸ್’ ಎಂಬ ಅರ್ಥ ಆಮೇಲೆ ಹಚ್ಚಿದ್ದು. ಮೋರ್ಸ್ ಸಂಕೇತದಲ್ಲಿ ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ ಬಡಿಯುವುದು ಸುಲಭ, ಕೇಳಿದರೆ ತಟ್ಟನೆ ತಿಳಿಯುತ್ತದೆ ಎಂದು ಆರಿಸಿದ್ದು.

ನಿಜವಾದ ಫುಲ್ ಫಾರ್ಮ್ ಇರುವ ಪದಗಳು ಇಲ್ಲವೇ ಎಂದರೆ, ಬೇಕಾದಷ್ಟಿವೆ. ರಡಾರ್, ಲೇಸರ್, ಸ್ಕೂಬಾ, ನಮ್ಮ ಜೇಬಿನ ಸಿಮ್, ಎಟಿಎಂನ ಪಿನ್. ಇವುಗಳ ವಯಸ್ಸು ಗಮನಿಸಿ, ಎಲ್ಲ 20ನೇ ಶತಮಾನದವು. ಮೊದಲಕ್ಷರ ಜೋಡಿಸಿ ಒಂದು ಪದದ ಹಾಗೆ ಉಚ್ಚರಿಸುವ ಚಟ ಅದಕ್ಕೆ ಮುಂಚೆ ಇಂಗ್ಲಿಷಿನಲ್ಲಿ ತೀರಾ ಅಪರೂಪ. ಹಾಗಾಗಿ ಐನೂರು ವರ್ಷ ಹಳೆಯ ಪದಕ್ಕೆ ಯಾರಾದರೂ ಫುಲ್ ಫಾರ್ಮ್ ಹೇಳಿದರೆ ಅನುಮಾನ ಪಡಲೇಬೇಕು. ‘ಓಕೆ’ ಒಂದು ಅಪವಾದ. ಅದು 1839ರ ಮಾರ್ಚ್ 23ರಂದು ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ ಕಾಣಿಸಿತು. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ‘ಓಲ್ ಕೊರೆಕ್ಟ್’ ಮಾಡಿ, ಅದರ ಮೊದಲಕ್ಷರ ‘ಓ’, ‘ಕೆ’ ಎಂದು ಬರೆಯುವುದು ಆಗಿನ ಅಲ್ಲಿನ ತಮಾಷೆ. ಮರುವರ್ಷ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಚುನಾವಣೆಗೆ ನಿಂತಾಗ ಅವನ ಊರು ಕಿಂಡರ್‌ಹುಕ್ ಹೆಸರಿನಿಂದ ‘ಓಲ್ಡ್ ಕಿಂಡರ್‌ಹುಕ್’ ಎಂದು ಓಕೆ ಕ್ಲಬ್‌ಗಳು ಹುಟ್ಟಿಕೊಂಡವು, ಪದ ಊರೂರಿಗೆ ಹರಡಿತು. ಅವನು ಸೋತ, ಓಕೆ ಗೆದ್ದಿತು. ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸ 1960ರ ದಶಕದಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿ ಇದನ್ನು ತೋರಿಸಿಕೊಟ್ಟ. ಒಂದು ಪದದ ಹುಟ್ಟು ಹೇಳಬೇಕಾದರೆ ಅಷ್ಟು ಕೆಲಸ ಇರುತ್ತದೆ. ನಿಮ್ಮ ಪುಸ್ತಕದಲ್ಲಿ ಓಕೆ ಎಂದರೆ ‘ಆಬ್ಜೆಕ್ಷನ್ ಕಿಲ್ಡ್’. ಇರಲಿ.

ಕನ್ನಡಿಗರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಕುವೆಂಪು ಎಂದರೆ ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಅದು ನಿಜವಾದ ಮೊದಲಕ್ಷರದ ಹೆಸರು. ಈಗ ನಾನು ‘ಮನೆ’ ಎಂದರೆ ‘ಮಕ್ಕಳ ನೆಲೆ’ ಎಂದು ಬರೆದರೆ? ಕೇಳಲು ಚೆನ್ನಾಗಿಯೇ ಇದೆ. ಗೃಹಪ್ರವೇಶದ ಕಾರ್ಡಿನಲ್ಲಿ ಹಾಕಬಹುದು. ಆದರೆ ತಮಿಳಿನಲ್ಲಿ ‘ಮನೈ’, ಮಲಯಾಳದಲ್ಲಿ ‘ಮನ’ ಇದೆ. ಅವರು ನಮ್ಮ ‘ಮಕ್ಕಳ ನೆಲೆ’ ಕೇಳಿ ಪದ ಕಟ್ಟಿಕೊಂಡರು ಅನ್ನುವುದಕ್ಕಾಗುತ್ತದೆಯೇ? ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟಿನಲ್ಲೇ ಕನ್ನಡ ಪದದ ಪಕ್ಕ ತಮಿಳು, ತೆಲುಗು, ತುಳು ರೂಪಗಳನ್ನು ಕೊಡುತ್ತಾ ಹೋಗಿದ್ದಾರೆ. ಜಿ. ವೆಂಕಟಸುಬ್ಬಯ್ಯನವರು ವರ್ಷಗಟ್ಟಲೆ ಪತ್ರಿಕೆಯಲ್ಲಿ ಓದುಗರ ಪದದ ಪ್ರಶ್ನೆಗಳಿಗೆ ಉತ್ತರ ಬರೆದರು. ಇಂಥವರ ನಾಡಿನಲ್ಲಿ ಮಕ್ಕಳ ಪುಸ್ತಕಕ್ಕೆ ವಾಟ್ಸಾಪ್ ಫಾರ್ವರ್ಡ್ ಆಧಾರವಾಗಬಾರದು.

ಹಾಗಾಗಿ ನನ್ನ ವಿನಂತಿ ಇಷ್ಟು. ಮುಂದಿನ ಮುದ್ರಣದಲ್ಲಿ ಆ ಪುಟ ತೆಗೆಯಿರಿ. ಪದದ ಹುಟ್ಟಿನ ಬಗ್ಗೆ ಏನೇ ಹಾಕುವುದಿದ್ದರೂ ಒಂದು ಒಳ್ಳೆಯ ಇಂಗ್ಲಿಷ್ ನಿಘಂಟು ತೆಗೆದು ನೋಡಿ. ಆಕ್ಸ್‌ಫರ್ಡ್, ಮೆರಿಯಂ ವೆಬ್‌ಸ್ಟರ್‌ನಂಥ ನಿಘಂಟುಗಳಲ್ಲಿ ಅರ್ಥದ ಜೊತೆ ಮೂಲವನ್ನೂ ಕೊಟ್ಟಿರುತ್ತಾರೆ. ಮೊಬೈಲಿನಲ್ಲೇ ಸಿಗುತ್ತದೆ, ಪದಕ್ಕೆ ಎರಡು ನಿಮಿಷ ಸಾಕು. ನಿಘಂಟಿನಲ್ಲಿ ಇಲ್ಲದ ಫುಲ್ ಫಾರ್ಮನ್ನು ಬೇರೆ ಎಷ್ಟು ಗೈಡಿನಲ್ಲಿ ಇದ್ದರೂ ಹಾಕಬೇಡಿ.

ಕ್ವಿಜ್ ನಡೆಸುವವರಿಗೆ, ಟೆಸ್ಟ್ ತಿದ್ದುವ ಮೇಷ್ಟ್ರು ಮೇಡಂಗಳಿಗೆ ಬೇರೆ ಮಾತು. ಪುಸ್ತಕ ಬದಲಾಗುವ ತನಕ ನೀವು ಕಾಯಬೇಕಾಗಿಲ್ಲ. ಯಾವುದಾದರೂ ಮಗು ‘ನ್ಯೂ ಎಂಬ ಪದದಿಂದ’ ಎಂದು ಬರೆದರೆ ಪೂರ್ತಿ ಅಂಕ ಕೊಡಿ. ಕೀ ಉತ್ತರಕ್ಕೆ ವಿರುದ್ಧ ಆಯಿತೆಂದು ಯಾರಾದರೂ ಕೇಳಿದರೆ ನಿಘಂಟಿನ ಪುಟ ತೋರಿಸಿ. ಹಿಂದಿನ ಟೆಸ್ಟಿನಲ್ಲಿ ಸೊನ್ನೆ ಹಾಕಿದ್ದರೆ ಆ ಮಗುವನ್ನು ಕರೆದು, ನಿನ್ನದು ಸರಿ ಇತ್ತು ಎಂದು ಒಂದು ಮಾತು ಹೇಳಿ. ಅಂಕ ಸೇರಿಸುವುದು ಬಿಡುವುದು ಆಮೇಲಿನ ವಿಷಯ.

ಪುಟ ತೆಗೆದರೆ ಜಾಗ ಖಾಲಿ ಉಳಿಯುತ್ತದೆ, ಮುಂದಿನ ಪುಟಗಳ ಸಂಖ್ಯೆ ಎಲ್ಲ ಬದಲಾಗುತ್ತದೆ ಎಂಬುದು ನಿಮ್ಮ ಚಿಂತೆ ಎಂದು ನನಗೆ ಗೊತ್ತು. ಇದೇ ಕೆಲಸದಲ್ಲಿ ಇದ್ದೇನಲ್ಲ. ಅದಕ್ಕೆ ಬದಲಿ ಪುಟವನ್ನು ನಾನೇ ಬರೆದು ಕೊಡುತ್ತೇನೆ. ನ್ಯೂಸ್, ಇಂಡಿಯಾ, ಚೆಸ್, ಟೀ, ಪೆನ್, ಓಕೆ, ಅಷ್ಟೇ. ಅದೇ ಅಳತೆ, ಅದೇ ಅಕ್ಷರದ ಗಾತ್ರ, ಒಂದು ಸಾಲೂ ಹೆಚ್ಚಾಗುವುದಿಲ್ಲ. ದುಡ್ಡು ಬೇಡ, ಹೆಸರೂ ಹಾಕಬೇಡಿ. ಡಿಟಿಪಿ ಮುಗಿಯುವ ಮುಂಚೆ ಒಂದು ಮಾತು ಹೇಳಿ, ಸಾಕು.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ಪುಸ್ತಕಗಳ ಕರಡು ತಿದ್ದುವ ಒಬ್ಬ
ಬೆಂಗಳೂರು